ಹಾಡಿಯ ಚರಿತ್ರೆಗೆ ಸಾಕ್ಷಿ

ನಮ್ಮ ಬೆಟ್ಟದಪುರದ ಸೀಮೆಯ ಚರಿತ್ರೆಯನ್ನು ಬರೆಯಹೊರಟವರೆಲ್ಲರೂ ಚೆಂಗಾಳ್ವರಿಂದಲೇ ಪ್ರಾರಂಭಿಸುತ್ತಾರೆ. ಅದು ಸಹಜವೇ ಸರಿ. ಹನಸೋಗೆಯ ಬಸದಿಗಳಲ್ಲಿ, ಹುಣಸೂರು ಪಿರಿಯಾಪಟ್ಟಣಗಳ ಊರುಗಳ ಕಲ್ಲುಗಳಲ್ಲಿ ಅವರ ಹೆಸರು ಕೆತ್ತಿದೆ. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಬುಡದ ನಮ್ಮ ಊರೂ ಅವರ ಆಳಿಕೆಗೆ ಒಳಪಟ್ಟಿದ್ದುದೇ. 1644ರಲ್ಲಿ ಕಂಠೀರವ ನರಸರಾಜ ಒಡೆಯರ ಸೈನ್ಯವು ಪಿರಿಯಾಪಟ್ಟಣವನ್ನು ಹಿಡಿಯುವುದರೊಂದಿಗೆ ಆ ವಂಶದ ಕಥೆ ಮುಗಿಯಿತು. ಅಲ್ಲಿಂದ ಮುಂದೆ ಮೈಸೂರಿನ ಚರಿತ್ರೆ. ರಾಜರು ಬಂದರು, ರಾಜರು ಹೋದರು; ಪಠ್ಯಪುಸ್ತಕಕ್ಕೆ ಬೇಕಾದಷ್ಟು ಸಾಮಗ್ರಿ ಒದಗಿತು.

ಆದರೆ ಚೆಂಗಾಳ್ವರು ಬರುವುದಕ್ಕೆ ಮೊದಲೂ ಈ ನೆಲ ಬರಿದಾಗಿ ಬಿದ್ದಿರಲಿಲ್ಲ. ನಮ್ಮೂರಿಗೆ ದಕ್ಷಿಣದಲ್ಲಿ, ಹುಣಸೂರು ತಾಲ್ಲೂಕನ್ನು ದಾಟಿ ಹೆಗ್ಗಡದೇವನಕೋಟೆಯವರೆಗೂ, ಪಶ್ಚಿಮಕ್ಕೆ ಕೊಡಗಿನೊಳಕ್ಕೂ ಹಬ್ಬಿದ ಕಾಡಿನಲ್ಲಿ ಜನ ಇದ್ದರು, ಈಗಲೂ ಇದ್ದಾರೆ. ಅವರು ಕಲ್ಲಿನಲ್ಲಿ ಏಕೆ ಕಾಣುವುದಿಲ್ಲವೆಂದರೆ, ನಮ್ಮ ಶಾಸನಗಳು ಬಹುಮಟ್ಟಿಗೆ ಹುಟ್ಟುವುದು ದಾನದಿಂದ. ದಾನ ಕೊಡುವುದು ಗದ್ದೆಯನ್ನು, ಬೆದ್ದಲನ್ನು, ತೋಟವನ್ನು. ಉಳುವ ನೆಲಕ್ಕೆ ಎಲ್ಲೆಕಟ್ಟು ಉಂಟು, ಸಾಕ್ಷಿ ಉಂಟು, ತಪ್ಪಿ ನಡೆದವನಿಗೆ ಶಾಪವೂ ಉಂಟು. ನೇಗಿಲು ಹಿಡಿಯದೆ ಜೇನು ಕಿತ್ತು, ಗೆಡ್ಡೆ ಅಗೆದು, ಕಾಡಿನ ಒಂದೊಂದು ಹಳ್ಳಕ್ಕೂ ಒಂದೊಂದು ಹೆಸರಿಟ್ಟು ಬದುಕಿದವನ ನೆಲವನ್ನು ಯಾರು ಯಾರಿಗೆ ದಾನ ಕೊಡಬೇಕು? ಕೊಟ್ಟರೂ ಅದನ್ನು ಕಲ್ಲಿನ ಮೇಲೆ ಬರೆಯಿಸುವವರು ಯಾರು?

ಈ ಜನರಲ್ಲಿ ಮುಖ್ಯರು ಜೇನುಕುರುಬರು, ಬೆಟ್ಟಕುರುಬರು, ಎರವರು, ಸೋಲಿಗರು. ಪೇಟೆಯ ವಾಚಕರಿಗಾಗಿ ಇಲ್ಲೊಂದು ಮಾತನ್ನು ಹೇಳಿಬಿಡಬೇಕು. ಕುರಿ ಸಾಕುವ ಹಾಲುಮತದ ಕುರುಬರು ಬೇರೆ, ಈ ಕಾಡಿನ ಕುರುಬರು ಬೇರೆ. ಹೆಸರಿನ ಸಾಮ್ಯವನ್ನು ನೋಡಿ ಇಬ್ಬರನ್ನೂ ಒಂದು ಮಾಡಬಾರದು. ಜೇನುಕುರುಬರು ಜೇನಿನವರು, ಆನೆಯವರು. ಬೆಟ್ಟಕುರುಬರು ಬಿದಿರಿನ ಕೆಲಸದವರು. ಅವರು ಗುಂಪಾಗಿ ವಾಸಮಾಡುವ ನೆಲೆಗೆ ಹಾಡಿ ಎಂದು ಹೆಸರು. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜೇನುಕುರುಬರು ಸುಮಾರು 36,000. ನಮ್ಮ ರಾಜ್ಯದಲ್ಲಿ ಕೇಂದ್ರ ಸರ್ಕಾರವು ವಿಶೇಷವಾಗಿ ದುರ್ಬಲವೆಂದು ಗುರುತಿಸಿರುವ ಬುಡಕಟ್ಟುಗಳು ಎರಡೇ. ಒಂದು ಕರಾವಳಿಯ ಕೊರಗರದು, ಇನ್ನೊಂದು ಇವರದು.

ಬೆಟ್ಟಕುರುಬರ ಹೆಸರಿನ ಕಥೆ ವಿಚಿತ್ರವಾದದ್ದು. ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ‘ಕಾಡುಕುರುಬ’ ಎಂಬ ಹೆಸರಿತ್ತು, ‘ಬೆಟ್ಟಕುರುಬ’ ಎಂಬುದು ಇರಲಿಲ್ಲ. ತಲೆತಲಾಂತರದಿಂದ ತಮ್ಮನ್ನು ತಾವು ಕರೆದುಕೊಂಡ ಹೆಸರನ್ನೇ ಕಚೇರಿಯಲ್ಲಿ ಹೇಳಿದರೆ ಪ್ರಮಾಣಪತ್ರಕ್ಕೆ ಅಡ್ಡಿ. ಕಡೆಗೆ 2022ರ ಡಿಸೆಂಬರಿನಲ್ಲಿ ಸಂಸತ್ತು ತಿದ್ದುಪಡಿಯನ್ನು ಅಂಗೀಕರಿಸಿ, ಬೆಟ್ಟಕುರುಬ ಎಂಬುದು ಕಾಡುಕುರುಬ ಎಂಬುದರ ಪರ್ಯಾಯ ನಾಮವೆಂದು ಒಪ್ಪಿತು. ನಿಘಂಟಿನ ಕೆಲಸವನ್ನು ಸಂಸತ್ತು ಮಾಡಬೇಕಾಯಿತು ಎಂದು ಕನ್ನಡದ ಅಧ್ಯಾಪಕನಾದ ನಾನು ನಕ್ಕುಬಿಡಬಹುದು. ಆ ಒಂದು ಪದಕ್ಕಾಗಿ ಮಗನ ವಿದ್ಯಾರ್ಥಿವೇತನವನ್ನು ಕಳೆದುಕೊಂಡ ತಂದೆಗೆ ಅದು ನಗುವ ಸಂಗತಿಯಲ್ಲ.

ಕಾಗದದ ಮೇಲೆ ಈ ಜನ ಕಾಣಿಸಿಕೊಂಡದ್ದು ತಡವಾಗಿ, ಅದೂ ಪರದೇಶದವನೊಬ್ಬನ ಕೈಯಲ್ಲಿ. ಟಿಪ್ಪುವಿನ ಪತನವಾದ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ಡಾಕ್ಟರ್ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯನ್ನು ಸುತ್ತಿದನು. ಪಿರಿಯಾಪಟ್ಟಣಕ್ಕೂ ಬಂದನು, ಹೆಗ್ಗಡದೇವನಕೋಟೆಯ ಕಡೆಗೂ ಹೋದನು. ಅವನ ಪ್ರವಾಸದ ಮೂರು ಸಂಪುಟಗಳು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಅದರಲ್ಲಿ ಕಾಡುಕುರುಬರನ್ನು ಕುರಿತು ಕೆಲವು ಪುಟಗಳಿವೆ. ಬಡವರು, ತಗ್ಗಾದ ಗುಡಿಸಲುಗಳವರು ಎಂದು ಅವನು ಮರುಕಪಡುತ್ತಾನೆ; ಆ ಮರುಕದಲ್ಲಿ ತಾತ್ಸಾರವೂ ಬೆರೆತಿದೆ. ಆದರೆ ಅವನಿಗೆ ಕಣ್ಣಿತ್ತು. ರಾತ್ರಿಯ ಹೊತ್ತು ಆನೆ ಬೆಳೆಗೆ ನುಗ್ಗಿದಾಗ ರೈತರೆಲ್ಲ ನೆಚ್ಚುವುದು ಇವರನ್ನು. ಬಿದಿರಿನ ಪಂಜು ಹೊತ್ತಿಸಿಕೊಂಡು ಕೂಗುತ್ತ ಆನೆಯ ಮುಖಕ್ಕೇ ಓಡಿ ಅದನ್ನು ಹಿಂದಟ್ಟುವರು ಎಂದು ಬರೆದಿಟ್ಟಿದ್ದಾನೆ. ಊರಿನ ರಾಗಿ ಉಳಿಯುವುದು ಕಾಡಿನವನ ಧೈರ್ಯದಿಂದ; ರಾಗಿಯ ಹೊಲ ಮಾತ್ರ ಅವನದಲ್ಲ.

ಈ ಏರ್ಪಾಡು ಮುಂದೆಯೂ ಹಾಗೆಯೇ ನಡೆಯಿತು. ರೈತನ ಜಾಗದಲ್ಲಿ ಸರ್ಕಾರ ಬಂದು ನಿಂತಿತು, ಅಷ್ಟೆ. ಕಾಕನಕೋಟೆಯ ಖೆಡ್ಡಾವನ್ನು ಕೇಳದವರು ಮೈಸೂರಿನಲ್ಲಿ ಯಾರಿದ್ದಾರೆ? ಆನೆಯ ಹಿಂಡನ್ನು ಕಾಡಿನಿಂದ ಎಬ್ಬಿಸಿ, ದಿನಗಟ್ಟಲೆ ಸುತ್ತುಗಟ್ಟಿ, ಮರದ ದಿಮ್ಮಿಗಳ ಕೊಪ್ಪಕ್ಕೆ ಹೊಗಿಸುವ ಆ ವಿದ್ಯೆಯನ್ನು ಮೈಸೂರಿನಲ್ಲಿ ಮೊದಲು ನೆಲೆಗೊಳಿಸಿದವನು ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ. 1878ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ, ಹೆಜ್ಜೆಯ ಗುರುತು ಹಿಡಿಯುವುದರಲ್ಲಿ ಕುರುಬರಿಗೆ ಎಷ್ಟು ನೈಪುಣ್ಯವಿದೆ ಎಂಬುದನ್ನು ಅವನೇ ಒಪ್ಪಿ ಹೊಗಳಿದ್ದಾನೆ. ಕಾಕನಕೋಟೆಯಲ್ಲಿ 1890ರ ದಶಕದಿಂದ 1971ರವರೆಗೆ ಖೆಡ್ಡಾಗಳು ನಡೆದವು. ವೈಸರಾಯರುಗಳೂ ರಾಜಕುಮಾರರೂ ಅಟ್ಟಣೆಯ ಮೇಲೆ ಕುಳಿತು ನೋಡಿದರು. ಹಿಂಡನ್ನು ಹಿಂದಿನಿಂದ ಅಟ್ಟಿಕೊಂಡು ಬಂದವರ ಹೆಸರು ಯಾವ ಚಿತ್ರದ ಕೆಳಗೂ ಇಲ್ಲ. 1968ರ ಖೆಡ್ಡಾದಲ್ಲಿ ಹಿಡಿದ ಅರ್ಜುನನೆಂಬ ಆನೆ ಮುಂದೆ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು ಹೊತ್ತದ್ದೂ, 2023ರ ಡಿಸೆಂಬರಿನಲ್ಲಿ ಹಾಸನ ಜಿಲ್ಲೆಯ ಕಾಡಿನಲ್ಲಿ ಸತ್ತದ್ದೂ ಎಲ್ಲರಿಗೂ ಗೊತ್ತು. ಇಂದಿಗೂ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವಾಗ ಆನೆಯ ಕತ್ತಿನ ಮೇಲೆ ಕುಳಿತ ಮಾವುತರಲ್ಲಿ, ಪಕ್ಕದಲ್ಲಿ ನಡೆಯುವ ಕಾವಾಡಿಗಳಲ್ಲಿ ಜೇನುಕುರುಬರೇ ಹೆಚ್ಚು.

ಸಾಹಿತ್ಯದಲ್ಲಿ ಈ ಜನಕ್ಕೆ ಸ್ಥಾನ ಕೊಟ್ಟವರು ಮಾಸ್ತಿಯವರು. ಅವರ ‘ಕಾಕನಕೋಟೆ’ ನಾಟಕದಲ್ಲಿ ಕಾಡಿನ ಹಿರಿಯನಾದ ಕಾಕನು ರಣಧೀರ ಕಂಠೀರವರ ಕಾಲದ ಅಧಿಕಾರಿಗಳ ಎದುರು ತಲೆಯೆತ್ತಿ ನಿಲ್ಲುತ್ತಾನೆ. 1977ರಲ್ಲಿ ಸಿ. ಆರ್. ಸಿಂಹ ಅವರು ಅದನ್ನು ಚಲನಚಿತ್ರವಾಗಿಯೂ ಮಾಡಿದರು. ನಮ್ಮ ಕಾಲೇಜುಗಳ ವಾರ್ಷಿಕೋತ್ಸವಗಳಲ್ಲಿ ಕಾಕನ ಪಾತ್ರಕ್ಕೆ ಪೈಪೋಟಿ ನಡೆಯುತ್ತಿತ್ತು. ಆದರೆ ಆ ಕೋಟೆಯ ಹೆಸರು ಹೊತ್ತ ನೆಲ, ಖೆಡ್ಡಾ ನಡೆದ ಹೊಳೆಯ ದಡ, 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಕಟ್ಟಿದ ಮೇಲೆ ಬಹುಪಾಲು ಹಿನ್ನೀರಿನೊಳಗೆ ಸೇರಿತು.

ಇನ್ನು ಕಾಡಿನ ಕಾನೂನಿಗೆ ಬರೋಣ. ಬ್ರಿಟಿಷರ ಕಾಲದಲ್ಲಿಯೂ ಮಹಾರಾಜರ ಕಾಲದಲ್ಲಿಯೂ ಕಾಡಿಗೆ ‘ಮೀಸಲು’ ಎಂಬ ಹೊಸ ವಿಶೇಷಣ ಬಂತು. ತೇಗದ ತೋಪುಗಳು ಎದ್ದವು. ಗುಳಿ ತೋಡಿ ಸಸಿ ನೆಟ್ಟದ್ದು, ಕಳೆ ಕಿತ್ತದ್ದು ಹಾಡಿಯವರ ಕೈಗಳು. ಮೈಸೂರು ಒಂದು ಸಂಸ್ಥಾನ, ಕೊಡಗು ಬೇರೆಯೇ ಒಂದು ಪ್ರಾಂತ, ನಡುವೆ ನಾಗರಹೊಳೆ. ಹೊಳೆಯ ಈ ದಡದವನಿಗೂ ಆ ದಡದವನಿಗೂ ಹೆಣ್ಣು ಕೊಟ್ಟು ತರುವ ನಂಟು; ಕಡತಗಳು ಮಾತ್ರ ಬೇರೆಬೇರೆ ರಾಜಧಾನಿಗಳಲ್ಲಿ. ಈ ಗಡಿ 1956ರ ನವೆಂಬರ್ 1ರಂದು ಅಳಿಸಿಹೋಯಿತು. ಅದಕ್ಕೆ ಮೊದಲೇ, 1955ರಲ್ಲಿ, ಕೊಡಗಿನ ಭಾಗವು ಅಭಯಾರಣ್ಯವಾಗಿತ್ತು. 1970ರ ದಶಕದಲ್ಲಿ ಮೈಸೂರು ಜಿಲ್ಲೆಯ ಕಾಡುಗಳೂ ಅದಕ್ಕೆ ಸೇರಿದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1988ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು. ಆಮೇಲೆ ಹುಲಿ ಯೋಜನೆ. ವಿಸ್ತೀರ್ಣ 643 ಚದರ ಕಿಲೋಮೀಟರು. ಉದ್ಯಾನವೆಂದ ಮೇಲೆ ಅಲ್ಲಿ ಮನುಷ್ಯನು ವಾಸಿಸುವಂತಿಲ್ಲ. ಹುಲಿಯೂ ಆನೆಯೂ ಉಳಿಯಬೇಕು ಎನ್ನುವುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ನಾಗರಹೊಳೆಯ ಹುಲಿಗಳು ನಮ್ಮ ಹೆಮ್ಮೆ. ಆದರೆ ಅಷ್ಟು ಹುಲಿ ಉಳಿದಿದ್ದ ಕಾಡಿನಲ್ಲಿ ಅಷ್ಟು ಕಾಲ ಯಾರಿದ್ದರು ಎಂಬ ಪ್ರಶ್ನೆಯನ್ನು ಕೇಳುವುದು ಅಪರಾಧವಾಗಬಾರದು.

ಕಾಡಿನಿಂದ ಹೊರಬಿದ್ದವರು ಎಲ್ಲಿಗೆ ಹೋದರು? ಕೊಡಗಿನ ಕಾಫಿ ತೋಟಗಳ ಲೈನುಮನೆಗಳಿಗೆ. ನಮ್ಮ ಹೊಗೆಸೊಪ್ಪಿನ ಹೊಲಗಳಿಗೆ ಕೂಲಿಯಾಗಿ. ಕೆಲವರು ಜೀತಕ್ಕೆ, 1976ರ ಜೀತವಿಮುಕ್ತಿ ಕಾಯಿದೆ ಬಂದ ಮೇಲೂ ಹೆಗ್ಗಡದೇವನಕೋಟೆಯ ಕಡೆ ಆ ಪಿಡುಗು ಒಂದೇ ದಿನದಲ್ಲಿ ಹೋಗಲಿಲ್ಲ. ಇದೇ ತಾಲ್ಲೂಕುಗಳಲ್ಲಿ ಸರ್ಕಾರಕ್ಕೆ ಕೊಡಲು ನೆಲವೇ ಇರಲಿಲ್ಲವೆಂದೇನೂ ಅಲ್ಲ. 1961ರಲ್ಲಿ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಟಿಬೆಟ್ಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಕಾಡುನೆಲವನ್ನು ಬಿಟ್ಟುಕೊಟ್ಟೆವು. ದೇಶ ಕಳೆದುಕೊಂಡು ಬಂದವರಿಗೆ ಆಶ್ರಯ ಕೊಟ್ಟದ್ದು ನಮ್ಮ ನಾಡಿನ ದೊಡ್ಡತನ. ಅವರು ಆ ನೆಲವನ್ನು ದುಡಿದು ಬಂಗಾರ ಮಾಡಿದ್ದನ್ನು ನೆರೆಯವರಾದ ನಾವು ಕಣ್ಣಾರೆ ಕಂಡಿದ್ದೇವೆ. ಇದನ್ನು ನೆನೆಯುವುದು ಅವರ ಮೇಲಿನ ಅಸೂಯೆಯಿಂದಲ್ಲ. ದೂರದಿಂದ ಬಂದ ನಿರಾಶ್ರಿತನು ನಮ್ಮ ಕಣ್ಣಿಗೆ ಬಿದ್ದನು. ಹತ್ತು ಹರದಾರಿಯಲ್ಲಿದ್ದ ನಿರಾಶ್ರಿತನು ಬೀಳಲಿಲ್ಲ ಎಂದಷ್ಟೇ ನನ್ನ ಮಾತು.

1990ರ ದಶಕದಲ್ಲಿ ಹಾಡಿಯವರು ತಾವೇ ಬಾಯಿ ತೆರೆದರು. ಮನುಷ್ಯವಾಸ ಕೂಡದೆಂದ ಅದೇ ಉದ್ಯಾನದೊಳಗೆ ಒಂದು ದೊಡ್ಡ ಹೋಟೆಲು ಸಂಸ್ಥೆಗೆ ಪ್ರವಾಸಿಗೃಹ ನಡೆಸಲು ಸರ್ಕಾರ ಗುತ್ತಿಗೆ ಕೊಟ್ಟಿತ್ತು. ಜೇನುಕುರುಬನ ಗುಡಿಸಲಿನಿಂದ ಹುಲಿಗೆ ತೊಂದರೆ, ಶ್ರೀಮಂತನ ಕೋಣೆಯಿಂದ ತೊಂದರೆಯಿಲ್ಲ ಎಂಬ ತರ್ಕ ಅವರಿಗೆ ಅರ್ಥವಾಗಲಿಲ್ಲ. ನಾಗರಹೊಳೆ ಬುಡಕಟ್ಟು ಜನರ ಹಕ್ಕುಸ್ಥಾಪನಾ ಸಮಿತಿಯು ಉಚ್ಚ ನ್ಯಾಯಾಲಯಕ್ಕೆ ಹೋಯಿತು. 1997ರಲ್ಲಿ ನ್ಯಾಯಾಲಯವು ಆ ಗುತ್ತಿಗೆ ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಮರುವರ್ಷ, ವಿಶ್ವಬ್ಯಾಂಕಿನ ಹಣದಿಂದ ನಡೆಯುತ್ತಿದ್ದ ಪರಿಸರ ಅಭಿವೃದ್ಧಿ ಯೋಜನೆಯ ವಿಷಯವಾಗಿ ವಾಷಿಂಗ್ಟನ್ನಿನ ಪರಿಶೀಲನಾ ಮಂಡಲಿಯವರೆಗೂ ದೂರು ಮುಟ್ಟಿತು. 1999ರಿಂದೀಚೆಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿಯೂ ಬಳಿಕ ಶೆಟ್ಟಿಹಳ್ಳಿ–ಲಕ್ಕಪಟ್ಟಣದಲ್ಲಿಯೂ ಪುನರ್ವಸತಿ ಕೇಂದ್ರಗಳು ಆದವು. ಮನೆ ಕಟ್ಟಿಕೊಟ್ಟು, ಉಳುಮೆಗೆ ಜಮೀನು ಕೊಟ್ಟರು. ಕೆಲವರು ನೆಲೆನಿಂತರು. ಉಳದವನ ಕೈಗೆ ನೇಗಿಲು ಕೊಟ್ಟರೆ ಬೆಳೆ ಬರಲು ಒಂದು ತಲೆಮಾರಾದರೂ ಬೇಕು. ಉಚ್ಚ ನ್ಯಾಯಾಲಯದ ಆದೇಶದಂತೆ ನೇಮಕವಾದ, ಮೈಸೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರ ಸಮಿತಿಯು 2014ರಲ್ಲಿ ವರದಿ ಕೊಟ್ಟಿತು. ಪುನರ್ವಸತಿ ಕಾಣಬೇಕಾದ ಕುಟುಂಬಗಳು 3,418 ಎಂದು ಅದು ಎಣಿಸಿತು. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು.

ಇಷ್ಟೆಲ್ಲ ಆದರೂ ಮೂಲದ ಪ್ರಶ್ನೆ ಇನ್ನೂ ಅಲ್ಲೇ ಇದೆ. ‘ಈ ನೆಲದಲ್ಲಿ ನೀನಿದ್ದೆ ಎಂಬುದಕ್ಕೆ ಸಾಕ್ಷಿ ಏನು?’ ಇದು ನಮ್ಮಲ್ಲಿ ಮಾತ್ರ ಹುಟ್ಟಿದ ಪ್ರಶ್ನೆಯೂ ಅಲ್ಲ. ಭೂಮಿಯ ಆಚೆ ಮಗ್ಗುಲಲ್ಲಿ, ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ, ಇದೇ ಪ್ರಶ್ನೆಯ ಮೇಲೆ ದೊಡ್ಡದೊಂದು ವ್ಯಾಜ್ಯ ನಡೆಯಿತು. ಆ ಪ್ರಾಂತದಲ್ಲಿ ಮೂಲನಿವಾಸಿಗಳ ಸಮುದಾಯಗಳು 200ಕ್ಕೂ ಹೆಚ್ಚು. ಅಲ್ಲಿ ಅವರನ್ನು ಪಂಗಡವೆನ್ನುವುದಿಲ್ಲ, ‘ಮೊದಲ ರಾಷ್ಟ್ರಗಳು’ ಎನ್ನುತ್ತಾರೆ. ಕೆನಡಾದ ಬೇರೆ ಕಡೆಗಳಲ್ಲಿ ಬಿಳಿಯರು ಕರಾರು ಬರೆಸಿಕೊಂಡು ನೆಲ ತೆಗೆದುಕೊಂಡರು. ಇಲ್ಲಿ ಕೆಲವು ಮೂಲೆಗಳನ್ನು ಬಿಟ್ಟರೆ ಕರಾರೂ ಇಲ್ಲ, ಕ್ರಯವೂ ಇಲ್ಲ, ಸುಮ್ಮನೆ ತಮ್ಮದೆಂದುಕೊಂಡರು. ಗಿತ್‌ಕ್ಸಾನ್, ವೆಟ್ಸುವೆಟೆನ್ ಎಂಬ ಎರಡು ಜನಾಂಗಗಳ ಹಿರಿಯರು ಸುಮಾರು 58,000 ಚದರ ಕಿಲೋಮೀಟರು ನೆಲ ತಮ್ಮದೆಂದು ದಾವೆ ಹೂಡಿದರು. ಕಾಗದ ಎಲ್ಲಿಂದ ಬರಬೇಕು? ಅವರು ತಂದದ್ದು ಕುಲದ ಕಥೆಗಳನ್ನು, ಹಾಡುಗಳನ್ನು. ಯಾವ ಬೆಟ್ಟದಲ್ಲಿ ಯಾವ ಪೂರ್ವಿಕನಿಗೆ ಏನಾಯಿತು, ಆ ಹಾಡನ್ನು ಹಾಡುವ ಹಕ್ಕು ಯಾವ ಮನೆತನದ್ದು ಎಂಬುದೇ ಅವರಿಗೆ ಖಾತೆ ಪಹಣಿ. ಮೇರಿ ಜಾನ್ಸನ್ ಎಂಬ ಗಿತ್‌ಕ್ಸಾನ್ ಹಿರಿಯಳು ನ್ಯಾಯಾಲಯದಲ್ಲಿ ಹಾಡಬೇಕೆಂದಾಗ, ಸಂಗೀತ ಹಿಡಿಸುವ ಕಿವಿ ತನಗಿಲ್ಲವೆಂದು ನ್ಯಾಯಾಧೀಶನು ಹೇಳಿಬಿಟ್ಟನು. 1991ರಲ್ಲಿ ದಾವೆ ಬಿದ್ದುಹೋಯಿತು. ಆದರೆ 1997ರ ಡಿಸೆಂಬರಿನಲ್ಲಿ, ಡೆಲ್ಗಮೂಕ್ ಮೊಕದ್ದಮೆಯೆಂದು ಹೆಸರಾದ ಈ ವ್ಯಾಜ್ಯದ ಮೇಲ್ಮನವಿಯಲ್ಲಿ, ಕೆನಡಾದ ಸರ್ವೋಚ್ಚ ನ್ಯಾಯಾಲಯವು ಬಾಯಿಮಾತಿನ ಚರಿತ್ರೆಗೂ ಬರೆದಿಟ್ಟ ಕಾಗದದೊಡನೆ ಸಮಾನವಾದ ಸ್ಥಾನ ಸಲ್ಲಬೇಕೆಂದಿತು. ನೆಲವನ್ನೇನೂ ಕೊಡಲಿಲ್ಲ, ಹೊಸದಾಗಿ ವಿಚಾರಣೆಯಾಗಲಿ ಎಂದಿತು. 2014ರಲ್ಲಿ ಮಾತ್ರ ಚಿಲ್ಕೋಟಿನ್ ಎಂಬ ಇನ್ನೊಂದು ಜನಾಂಗಕ್ಕೆ 1,700 ಚದರ ಕಿಲೋಮೀಟರಿಗೂ ಮೀರಿದ ನೆಲದ ಒಡೆತನವನ್ನು ಅದೇ ನ್ಯಾಯಾಲಯ ಒಪ್ಪಿತು.

ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಬರವಣಿಗೆಯ ಮಟ್ಟಿಗಂತೂ ಬಿದ್ದಿಲ್ಲ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಅಡಿಯಲ್ಲಿ ಮಾಡಿದ ನಿಯಮಗಳಲ್ಲಿ 13ನೆಯದನ್ನು ಓದಬೇಕು. ಸರ್ಕಾರದ ಗೆಜೆಟಿಯರು, ಜನಗಣತಿಗಳು ಸಾಕ್ಷ್ಯ; ಅಂದರೆ ಬುಕನನ್ನನ ತಾತ್ಸಾರದ ಪುಟಗಳಂಥ ಬರಹಗಳೂ ಇಂದು ಹಾಡಿಯವನ ಕೈಗೆ ಒದಗಬಲ್ಲವು. ಹಳೆಯ ಬಾವಿ, ಗುಡಿಸಲಿನ ಅಡಿಗಟ್ಟು, ಹೂಳಿದ ಜಾಗ, ದೇವರ ಬನ ಇವೆಲ್ಲ ಸಾಕ್ಷ್ಯ. ವಂಶಾವಳಿಯೂ ಸಾಕ್ಷ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಹಿರಿಯರು ಹೇಳಿದ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ನನ್ನ ಮಟ್ಟಿಗೆ ಇದು ದೊಡ್ಡ ಮಾತು. ನಾವು ತರಗತಿಯಲ್ಲಿ ಜಾನಪದವೆಂದು ಪಾಠ ಹೇಳುವುದನ್ನು ಕಾನೂನು ಪುರಾವೆ ಎಂದು ಕರೆದಿದೆ.

ಒಂದು ಉದಾಹರಣೆ ಕೊಡುತ್ತೇನೆ. ಕೊಡಗಿನ ತಿತಿಮತಿಯ ಹತ್ತಿರ ದೇವರಪುರದಲ್ಲಿ ಮೇ ತಿಂಗಳಿನಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಎರವರು ಚಿತ್ರವಿಚಿತ್ರ ವೇಷ ಹಾಕಿಕೊಂಡು, ಸೋರೆಬುರುಡೆ ಡಬ್ಬಗಳನ್ನು ಬಡಿಯುತ್ತ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಬಾಯಿಗೆ ಬಂದಂತೆ ಬಯ್ಯುತ್ತ ಬೇಡುತ್ತಾರೆ. ಬಯ್ಗುಳದಲ್ಲಿ ಮೊದಲ ಪಾಲು ಅಯ್ಯಪ್ಪ ದೇವರದು. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆದುತಂದ ದೇವರು, ಭದ್ರಕಾಳಿಯ ಹಿಂದೆ ಹೊರಟುಹೋಗಿ ತಮ್ಮನ್ನು ನಡುಗಾಡಿನಲ್ಲಿ ಕೈಬಿಟ್ಟನೆಂಬುದು ಕಥೆ. ಕಡೆಗೆ ಗುಡಿಯ ಮುಂದೆ ತಪ್ಪೊಪ್ಪಿಗೆ ಮಾಡಿಕೊಂಡು ಹೋಗುತ್ತಾರೆ. ಪೇಟೆಯಿಂದ ಬಂದವರು ಬಯ್ಗುಳವನ್ನು ಕೇಳಿ ನಗುತ್ತಾರೆ, ಚಿತ್ರ ತೆಗೆದುಕೊಳ್ಳುತ್ತಾರೆ. ಆದರೆ ಆ ಕಥೆಯ ಬೆನ್ನೆಲುಬನ್ನು ನೋಡಿ: ನಾವು ಈ ಕಾಡಿಗೆ ಬಂದದ್ದು ದೇವರ ಜೊತೆಯಲ್ಲಿ, ದೇವರು ಹೋದ ಮೇಲೂ ನಾವು ಇಲ್ಲಿಯೇ ಉಳಿದೆವು ಎಂದು ಒಂದು ಇಡೀ ಜನ ವರ್ಷಕ್ಕೊಮ್ಮೆ ಬಹಿರಂಗವಾಗಿ ಕೂಗಿ ಹೇಳುತ್ತಿದೆ. ವಕೀಲನಾದವನು ಇದನ್ನು ಎದ್ದು ಕುಳಿತು ಕೇಳಬೇಕು.

ನಮ್ಮ ಜಾನಪದ ಸಂಗ್ರಹಗಳಲ್ಲಿ ಒಂದು ಕೊರತೆ ಇಲ್ಲಿಯೇ ಇದೆ. ಸಂಗ್ರಾಹಕರಿಗೆ ಬೇಕಾದದ್ದು ಸೊಗಸಾದ ಹಾಡು, ಮುಗಿದ ಕಥೆ. ಜೇನಿನ ಹಾಡಿನ ನಡುವೆ ಹಿರಿಯನೊಬ್ಬನು ಉಸಿರೆಳೆದು ಹತ್ತು ಹಳ್ಳಗಳ, ಏಳೆಂಟು ಮರಗಳ, ನಾಲ್ಕು ಬನಗಳ ಹೆಸರನ್ನು ಪಟ್ಟಿಯಂತೆ ಹೇಳಿದರೆ, ಅಚ್ಚಿಗೆ ಕೊಡುವಾಗ ಅದನ್ನು ಹೊಟ್ಟೆಂದು ತೂರಿಬಿಡುವುದೇ ವಾಡಿಕೆ. ಹಾಡಿದವನ ಹಾಡಿ ಯಾವುದು, ಕುಲ ಯಾವುದು, ಆ ಬನ ಈಗ ಯಾವ ವಲಯಕ್ಕೆ ಸೇರಿದೆ ಎಂಬುದು ಅಡಿಟಿಪ್ಪಣಿಯಲ್ಲಿಯೂ ಸಿಕ್ಕುವುದಿಲ್ಲ. 13ನೆಯ ನಿಯಮಕ್ಕೆ ಬೇಕಾದ ಕಾಳು ಇರುವುದು ಆ ಹೊಟ್ಟಿನಲ್ಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ. ಮೈಸೂರಿನಲ್ಲಿ ಜಾನಪದಕ್ಕೆ ಹಳೆಯ ಪರಂಪರೆಯಿದೆ. ಬಳ್ಳೆ, ಮಚ್ಚೂರು, ಗೋಳೂರುಗಳ ಹಿರಿಯರಲ್ಲಿ ಕಾಡಿನ ಒಳಗಿನ ಹೆಸರುಗಳನ್ನು ಹುಟ್ಟಿದಾಗಿನಿಂದ ಬಲ್ಲವರು ಇನ್ನೂ ಇದ್ದಾರೆ. ಅವರ ಮೊಮ್ಮಕ್ಕಳು ಆಶ್ರಮಶಾಲೆಯಲ್ಲಿ ಕಲಿಯುವುದು ನಮ್ಮ ಕನ್ನಡವನ್ನು, ತಾತನ ಜೇನುನುಡಿಯನ್ನಲ್ಲ. ಆದ್ದರಿಂದ ಈ ಕೆಲಸಕ್ಕೆ ಇರುವ ಕಾಲಾವಧಿ ಯಾವ ಕಾಯಿದೆಯಲ್ಲಿ ಬರೆದದ್ದಕ್ಕಿಂತಲೂ ಕಡಿಮೆ.

2025ರ ಮೇ ತಿಂಗಳಿನ ಮೊದಲ ವಾರದಲ್ಲಿ, ಕಾಡಿನ ಕೊಡಗು ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿಯಿಂದ ದಶಕಗಳ ಹಿಂದೆ ಹೊರಬಿದ್ದು ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದ 52 ಜೇನುಕುರುಬ ಕುಟುಂಬಗಳು, ಹಳೆಯ ಹಾಡಿಯಿದ್ದ ಜಾಗಕ್ಕೆ ನಡೆದುಹೋಗಿ ಗುಡಿಸಲು ಹಾಕಲು ತೊಡಗಿದವು. ಅರಣ್ಯ ಇಲಾಖೆಯವರೂ ಪೊಲೀಸರೂ ಬಂದರು. ಅರ್ಜಿ ಇತ್ಯರ್ಥವಾಗುವವರೆಗೆ ಇಲ್ಲಿರಕೂಡದು ಎಂದು ಅವರ ವಾದ. ತಮ್ಮ ದೇವರುಗಳೂ ಹಿರಿಯರೂ ಇರುವುದು ಇಲ್ಲಿಯೇ, ಬೇಕಾದರೆ ಒಂದೊಂದನ್ನೂ ತೋರಿಸುತ್ತೇವೆ ಎಂದು ಇವರ ವಾದ.